ಕಡಲಂಚಿನ ಸಣ್ಣ ಊರುಗಳು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಇಟಲಿಯ ಲಿಗೂರಿಯಾ ಕರಾವಳಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾನು ಬರೆದಿದ್ದ ಸಣ್ಣ ಟಿಪ್ಪಣಿಗೆ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ನಾನು ಯಾರು, ಅಲ್ಲಿ ಹೇಗೆ ಇದ್ದೆ ಎಂದು ಕೆಲವರು ಕೇಳಿದ್ದಾರೆ. ಮೂವತ್ತೊಂದು ವರ್ಷ ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಮಗಳು ಜಿನೋವಾ ನಗರದಲ್ಲಿ ಸಂಶೋಧಕಿಯಾಗಿದ್ದಾಗ ಐದು ಬಾರಿ, ಒಮ್ಮೆಗೆ ಎರಡು ಮೂರು ತಿಂಗಳಂತೆ, ಅವಳ ಜೊತೆ ಇದ್ದೆ. ಅವಳು ಪ್ರಯೋಗಾಲಯಕ್ಕೆ ಹೊರಟ ಮೇಲೆ ನಾನು ಚೀಲದಲ್ಲಿ ನೀರು, ಛತ್ರಿ ಇಟ್ಟುಕೊಂಡು ರೈಲು ಹತ್ತುತ್ತಿದ್ದೆ. ಈ ಉತ್ತರಗಳೆಲ್ಲ ಆ ರೈಲಿನಿಂದ ಇಳಿದು ನಡೆದು ಕಂಡವು.

ಮೇ ತಿಂಗಳಲ್ಲಿ ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಚಿಂಕ್ವೆ ತೆರ್ರೆಯ ಚಿತ್ರಗಳಿಗೆ ಮನಸೋತಿದ್ದೇವೆ. ಆದರೆ ಅಲ್ಲಿ ಕಾಲಿಡಲು ಜಾಗವಿಲ್ಲ ಎನ್ನುತ್ತಾರೆ. ಹಾಗೆಯೇ ಚೆಂದವಿದ್ದು, ಜನ ಕಡಿಮೆ ಇರುವ ಊರುಗಳಿವೆಯೇ ಅಮ್ಮಾ?
— ನಿವೃತ್ತ ದಂಪತಿ, ಧಾರವಾಡ

ಇವೆ, ಅದೂ ಅದೇ ರೈಲುಮಾರ್ಗದಲ್ಲಿ. ಮೊದಲು ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಿಗೂರಿಯಾ ಎಂದರೆ ಬಾಗಿದ ಬಿಲ್ಲಿನಂಥ ಕಡಲತೀರ; ನಡುವೆ ಜಿನೋವಾ. ನಗರದ ಪೂರ್ವಕ್ಕಿರುವ ತೀರವನ್ನು ‘ಲೆವಾಂತೆ’ ಎನ್ನುತ್ತಾರೆ, ಪಶ್ಚಿಮದ್ದನ್ನು ‘ಪೊನೆಂತೆ’. ಸೂರ್ಯ ಏಳುವ ಕಡೆ, ಇಳಿಯುವ ಕಡೆ ಎಂದರ್ಥ. ನಮ್ಮ ಮೂಡಲು, ಪಡುವಲುಗಳಂತೆಯೇ! ಇದು ಗೊತ್ತಾದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ. ಆಲ್ಪ್ಸ್ ಮತ್ತು ಅಪೆನ್ನೈನ್ ಪರ್ವತಗಳು ಕೂಡುವ ಜಾಗವಿದು. ಬೆಟ್ಟ ನೇರವಾಗಿ ನೀರಿಗೆ ಇಳಿಯುತ್ತದೆ. ಊರುಗಳಿಗೆ ಸಿಕ್ಕಿದ್ದು ಕಣಿವೆಗಳ ಬಾಯಿ ಮಾತ್ರ. ರೈಲು ಸುರಂಗದಿಂದ ಸುರಂಗಕ್ಕೆ ನುಗ್ಗುತ್ತದೆ, ನಡುನಡುವೆ ಒಂದು ಕ್ಷಣ ಸಮುದ್ರ ಹೊಳೆದು ಮಾಯವಾಗುತ್ತದೆ.

ಚಿಂಕ್ವೆ ತೆರ್ರೆ ಎಂದರೆ ಐದು ಊರುಗಳು: ಮೊಂತೆರೊಸ್ಸೋ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಾನು ಮೊದಲ ಸಲ ಜೂನ್ ತಿಂಗಳ ಒಂದು ಬೆಳಿಗ್ಗೆ ಹನ್ನೊಂದಕ್ಕೆ ವೆರ್ನಾತ್ಸಾದಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನಿಂದ ಹೊರಬರಲು ಇಪ್ಪತ್ತು ನಿಮಿಷ ಬೇಕಾಯಿತು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಬಂದವರು, ಗುಂಪಿನ ಮುಂದೆ ಬಾವುಟ ಹಿಡಿದವರು, ಎಲ್ಲರೂ ಒಂದೇ ಓಣಿಯಲ್ಲಿ. ಊರಿನವರು ಎಲ್ಲಿದ್ದಾರೆ ಎಂದು ಹುಡುಕಿದರೆ ಅಂಗಡಿಗಳ ಗಲ್ಲಾದ ಹಿಂದೆ ಮಾತ್ರ ಕಂಡರು. ಆ ದಿನ ನನಗೆ ಅಳು ಬರುವಷ್ಟು ಬೇಸರವಾಯಿತು. ಹಿಂದಿರುಗುವ ರೈಲು ಹತ್ತಿ, ಜನ ಕಡಿಮೆಯಾದ ಊರಿನಲ್ಲಿ ಇಳಿಯುವುದು ಎಂದು ನಿರ್ಧರಿಸಿದೆ. ಹಾಗೆ ಸಿಕ್ಕಿದ್ದು ಬೊನಾಸ್ಸೋಲಾ.

ಮೊಂತೆರೊಸ್ಸೋ ದಾಟಿ ಜಿನೋವಾ ಕಡೆಗೆ ಬರುವಾಗ ಸಿಗುವುದು ಲೆವಾಂತೋ, ಅದರ ಮುಂದಿನದು ಬೊನಾಸ್ಸೋಲಾ, ಆಮೇಲೆ ಫ್ರಾಮೂರಾ. ಇಲ್ಲಿ ಒಂದು ವಿಶೇಷವಿದೆ. ಜಿನೋವಾದಿಂದ ಪೂರ್ವದ ಲಾ ಸ್ಪೇತ್ಸಿಯಾ ನಗರಕ್ಕೆ ಸಮುದ್ರದ ಅಂಚಿನಲ್ಲೇ ರೈಲುಮಾರ್ಗ ಪೂರ್ಣಗೊಂಡದ್ದು 1874ರಲ್ಲಿ. ಮುಂದೆ ಜೋಡಿ ಹಳಿಯನ್ನು ಬೆಟ್ಟದ ಒಳಗಿಂದ ಹಾಕಿದಾಗ ಹಳೆಯ ಸುರಂಗಗಳು ಖಾಲಿ ಬಿದ್ದವು. ಈಗ ಅವು ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಮೀಸಲಾದ ದಾರಿ. ಲೆವಾಂತೋದಿಂದ ಬೊನಾಸ್ಸೋಲಾ ಮೂಲಕ ಫ್ರಾಮೂರಾಕ್ಕೆ ಒಟ್ಟು ಆರು ಕಿಲೋಮೀಟರಿಗೂ ಕಡಿಮೆ, ಪೂರ್ತಿ ಸಮತಟ್ಟು. ಬೇಸಿಗೆಯಲ್ಲೂ ಸುರಂಗದೊಳಗೆ ಶಾಲು ಬೇಕೆನಿಸುವಷ್ಟು ತಂಪು. ಎರಡು ಸುರಂಗಗಳ ನಡುವೆ ಬೆಳಕು ಬಿದ್ದಲ್ಲಿ ಕೆಳಗೆ ಬಂಡೆ, ಹಸಿರು ನೀರು, ಒಬ್ಬಿಬ್ಬರು ಈಜುವವರು. ಬೊನಾಸ್ಸೋಲಾದ ಕಡಲ ದಂಡೆಯಲ್ಲಿ ಸಂಜೆ ಐದಕ್ಕೆ ಮಕ್ಕಳು ಶಾಲೆಯ ಚೀಲವನ್ನು ಮರಳಿನಲ್ಲೇ ಎಸೆದು ಆಡುವುದನ್ನು ಕಂಡಾಗ, ಇದು ಇನ್ನೂ ಊರಾಗಿಯೇ ಉಳಿದಿದೆ ಎಂದು ಸಮಾಧಾನವಾಯಿತು.

ಇನ್ನೊಂದು ಹೆಸರು ಬರೆದಿಟ್ಟುಕೊಳ್ಳಿ: ತೆಲ್ಲಾರೋ. ಲಾ ಸ್ಪೇತ್ಸಿಯಾದಿಂದ ಬಸ್ಸಿನಲ್ಲಿ ಲೆರಿಚಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರಸ್ತೆ ಮುಗಿಯುವವರೆಗೆ. ಬಂಡೆಯ ತುದಿಯಲ್ಲಿ ಗುಲಾಬಿ ಬಣ್ಣದ ಚರ್ಚು. ಅಲೆ ಅದರ ಬುಡಕ್ಕೇ ಬಡಿಯುತ್ತದೆ. ಕಡಲುಗಳ್ಳರು ಬಂದ ರಾತ್ರಿ ಒಂದು ಆಕ್ಟೋಪಸ್ ನೀರಿನಿಂದ ಮೇಲೇರಿ ಚರ್ಚಿನ ಗಂಟೆಯ ಹಗ್ಗ ಎಳೆದು ಊರನ್ನು ಎಬ್ಬಿಸಿತಂತೆ. ಆ ಕಥೆಯನ್ನು ಅಲ್ಲಿಯವರು ಇಂದಿಗೂ ಅಕ್ಕರೆಯಿಂದ ಹೇಳುತ್ತಾರೆ. ಈ ಕೊಲ್ಲಿಗೆ ‘ಕವಿಗಳ ಕೊಲ್ಲಿ’ ಎಂದೇ ಹೆಸರು. ಕಾಲೇಜಿನಲ್ಲಿ ಇಂಗ್ಲಿಷ್ ಕವಿ ಶೆಲ್ಲಿಯನ್ನು ಓದಿದವರು ಲೆರಿಚಿಯ ಪಕ್ಕದ ಸಾನ್ ತೆರೆಂತ್ಸೋದಲ್ಲಿ ಒಂದು ಗಳಿಗೆ ನಿಲ್ಲಬೇಕು. ಅವನ ಕೊನೆಯ ಮನೆ ಅಲ್ಲಿತ್ತು. 1822ರ ಜುಲೈನಲ್ಲಿ ಲಿವೊರ್ನೋ ಬಂದರಿನಿಂದ ಆ ಮನೆಗೆ ದೋಣಿಯಲ್ಲಿ ಮರಳುವಾಗ ಬಿರುಗಾಳಿಗೆ ಸಿಕ್ಕಿ ಮುಳುಗಿದ. ಮೂವತ್ತೂ ತುಂಬಿರಲಿಲ್ಲ.

ಚಿಂಕ್ವೆ ತೆರ್ರೆಯನ್ನು ಬಿಟ್ಟೇಬಿಡಿ ಎಂದು ನಾನು ಹೇಳಲಾರೆ. ಬೊನಾಸ್ಸೋಲಾದಲ್ಲಿ ತಂಗಿ, ಬೆಳಗಿನ ಮೊದಲ ರೈಲಿಗೆ ಹೋಗಿ, ಒಂಬತ್ತೂವರೆಗೆ ಹಿಂದಿರುಗಿ.

ಇಟಲಿಗೆ ಬೇರೆ ವೀಸಾ ಬೇಕೇ? ಕಾರು ಬಾಡಿಗೆಗೆ ಪಡೆಯಬೇಕೇ?
— ಒಬ್ಬ ಓದುಗರು, ದಾವಣಗೆರೆ

ಬೇರೆ ವೀಸಾ ಬೇಡ. ಜರ್ಮನಿ, ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಸಾಕು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆ ಕಡ್ಡಾಯ.

ಕಾರು ಖಂಡಿತ ಬೇಡ. ಈ ಊರುಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪ್ರಾದೇಶಿಕ ರೈಲುಗಳು ಸಣ್ಣ ಊರುಗಳಲ್ಲೂ ನಿಲ್ಲುತ್ತವೆ. ಒಂದು ಎಚ್ಚರಿಕೆ ಮಾತ್ರ: ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು. ನನಗೆ ಇದು ತಿಳಿದಿರಲಿಲ್ಲ. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದೆ. ಸುತ್ತ ಕೂತವರೆಲ್ಲ ತಿರುಗಿ ನೋಡುತ್ತಿದ್ದಾಗ ಆದ ಸಂಕೋಚ ದಂಡಕ್ಕಿಂತ ಹೆಚ್ಚಿನದು. ನಿಮಗೆ ಹಾಗಾಗಬಾರದು.

ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಮೀನುಗಾರರ ಊರಿನಲ್ಲಿ ಉಪವಾಸ ಬೀಳುತ್ತೇವೆಯೇ?
— ಗೃಹಿಣಿ, ಸಾಗರ

ಇಲ್ಲ. ಇಟಲಿಯಲ್ಲಿ ಬೇರೆಲ್ಲಿ ಹೇಗೋ, ಲಿಗೂರಿಯಾದಲ್ಲಿ ನೀವು ಹೊಟ್ಟೆ ತುಂಬ ಉಣ್ಣುತ್ತೀರಿ. ಇಲ್ಲಿಯ ಗಂಡಸರು ಕಡಲಿಗೆ ಹೋದರೂ ಅಡುಗೆ ಬೆಟ್ಟದ್ದು. ಸೊಪ್ಪು, ಎಣ್ಣೆ, ಕಾಳಿನ ಹಿಟ್ಟು, ಗಿಣ್ಣು (ಅಂದರೆ ಚೀಸ್).

ಮೊದಲು ಫರಿನಾತಾ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ. ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕದಡಿ ಗಂಟೆಗಟ್ಟಲೆ ಬಿಡುತ್ತಾರೆ, ಮೇಲೆ ಬಂದ ನೊರೆ ತೆಗೆಯುತ್ತಾರೆ, ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಹೊರಗೆ ಬಂದಾಗ ಮೇಲ್ಭಾಗ ಗರಿಗರಿ, ಒಳಗೆ ಮೆತ್ತಗೆ. ನಮ್ಮ ಕಡಲೆ ಹಿಟ್ಟಿನ ದೋಸೆಗೆ ದೂರದ ಅಕ್ಕ ಎನ್ನಬಹುದು. ಬಿಸಿಯಿದ್ದಾಗಲೇ ಕಾಳುಮೆಣಸಿನ ಪುಡಿ ಉದುರಿಸಿಕೊಂಡು ತಿನ್ನಿ. ಸಣ್ಣ ಮೀನು ಹಾಕಿದ ಬಗೆಯೂ ಇರುತ್ತದೆ, ಕೇಳಿಯೇ ಕೊಳ್ಳಿ.

ಫೊಕಾಚ್ಚಾ ಎಂಬ ದಪ್ಪ ರೊಟ್ಟಿಯನ್ನು ಇಲ್ಲಿ ಆಲಿವ್ ಎಣ್ಣೆಯಲ್ಲೇ ಮಾಡುವುದು ರೂಢಿ. ಬೇರೆ ಪ್ರಾಂತ್ಯಗಳಲ್ಲಿ ಹಂದಿಯ ಕೊಬ್ಬು, ಅಂದರೆ ‘ಸ್ತ್ರುತ್ತೋ’, ಹಾಕುವುದುಂಟು. ಆ ಪದ ನೆನಪಿರಲಿ. ಮೂಡಣ ತೀರದ ಕಾಮೋಲ್ಯಿ ಎಂಬ ಊರಿನ ಪಕ್ಕದ ರೆಕ್ಕೋದಲ್ಲಿ ಕಾಗದದಷ್ಟು ತೆಳುವಾದ ಎರಡು ಹಾಳೆಗಳ ನಡುವೆ ಹಸಿ ಗಿಣ್ಣು ಇಟ್ಟು ಸುಡುತ್ತಾರೆ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಹೆಚ್ಚುಕಡಿಮೆ ಪೂರ್ತಿ ನೆಲಸಮವಾದ ಊರದು. ನೋಡಲು ಹಳೆಯದೇನೂ ಉಳಿದಿಲ್ಲ, ಆದರೆ ಆ ರುಚಿ ಉಳಿದಿದೆ.

ಬೆಟ್ಟದಲ್ಲಿ ತಾನಾಗಿ ಬೆಳೆದ ಹತ್ತಾರು ಸೊಪ್ಪುಗಳನ್ನು ಕೂಡಿಸಿ ತರುವ ಪದ್ಧತಿ ಇಲ್ಲಿದೆ. ಅದಕ್ಕೆ ‘ಪ್ರೆಬೊಜ್ಜೋನ್’ ಎಂದು ಹೆಸರು. ನಮ್ಮ ಬೆರಕೆ ಸೊಪ್ಪೇ! ಅದನ್ನು ತುಂಬಿದ ಪನ್ಸೋತಿ ಎಂಬ ಕಡುಬಿಗೆ ಅಕ್ರೋಟು ರುಬ್ಬಿದ ಗೊಜ್ಜು ಸವರುತ್ತಾರೆ. ಆದರೆ ಹೂರಣಕ್ಕೆ ಮೊಟ್ಟೆ ಹಾಕುವುದುಂಟು, ಆದ್ದರಿಂದ ನೀವು ವಿಚಾರಿಸಬೇಕು.

ಇನ್ನು ಪೆಸ್ತೋ. ‘ಪೆಸ್ತಾರೆ’ ಎಂದರೆ ಜಜ್ಜು, ಕುಟ್ಟು. ಅಮೃತಶಿಲೆಯ ಒರಳು, ಮರದ ಕುಟ್ಟಾಣಿ. ಅದರಲ್ಲಿ ಬಜೀಲಿಕೋ ಎಲೆ, ಬೆಳ್ಳುಳ್ಳಿ, ಪೈನ್ ಮರದ ಬೀಜ, ಉಪ್ಪು, ಗಿಣ್ಣು, ಎಣ್ಣೆ. ಈ ಬಜೀಲಿಕೋ ನಮ್ಮ ಅಂಗಳದ ಕಾಮಕಸ್ತೂರಿಯ ಜಾತಿಯೇ. ಜಿನೋವಾದ ಪ್ರಾ ಎಂಬ ಭಾಗದಲ್ಲಿ ಗಿಡ ಎಳೆಯದಾಗಿರುವಾಗಲೇ ಕೀಳುತ್ತಾರೆ. ಬಲಿತರೆ ಪುದೀನದ ವಾಸನೆ ಬರುತ್ತದೆಂದು ಅವರಿಗೆ ಸಹಿಸದು. ಕಟ್ಟುನಿಟ್ಟಿನವರು ಒಂದನ್ನು ತಿಳಿದಿರಬೇಕು: ಪೆಸ್ತೋಗೆ ಹಾಕುವ ಪಾರ್ಮೆಸಾನ್ ಗಿಣ್ಣನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವಿನಿಂದ. ನಾನು ಇದನ್ನು ತಿಳಿದ ಮೇಲೆ ತಿನ್ನುವುದನ್ನು ನಿಲ್ಲಿಸಿದೆ. ಮಗಳು ಮನೆಯಲ್ಲಿ ಗಿಣ್ಣಿಲ್ಲದೆ ಮಾಡಿಕೊಡುತ್ತಿದ್ದಳು, ಚೆನ್ನಾಗಿಯೇ ಇತ್ತು. ನಿಮ್ಮ ನಿರ್ಧಾರ ನಿಮ್ಮದು.

ಅಂಗಡಿಯಲ್ಲಿ ‘ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶ್ಶೆ, ಸೆನ್ತ್ಸಾ ವೋವಾ’ ಎನ್ನಿ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ.

ಅಜ್ಜಿಯ ಕರಿಮಣಿ ಸರದಲ್ಲಿರುವ ಹವಳ ‘ಇಟಾಲಿಯನ್’ ಎಂದು ಬಂಗಾರದ ಅಂಗಡಿಯವರು ಹೇಳಿದರು. ಹೀಗೂ ಇರಬಹುದೇ ಅಕ್ಕಾ?
— ಓದುಗಿ, ಶಿರಸಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಂಗೀ. ಇರಬಹುದು. ಆಳವಾದ ಕೆಂಪಿನ ಹವಳದ ತವರು ಮೆಡಿಟರೇನಿಯನ್ ಸಮುದ್ರ. ನಮ್ಮವರು ನವರತ್ನಗಳಲ್ಲಿ ಸೇರಿಸಿದ, ಕುಜನಿಗೆಂದು ಉಂಗುರದಲ್ಲಿ ಕೂರಿಸಿದ ಪ್ರವಾಳ ಎರಡು ಸಾವಿರ ವರ್ಷಗಳಿಂದ ಅಲ್ಲಿಂದ ಹಡಗಿನಲ್ಲಿ ಬರುತ್ತಿದೆ. ರೋಮಿನವರಿಗೆ ಭಾರತದ ಮುತ್ತು ಹೇಗೋ ಭಾರತದವರಿಗೆ ಹವಳ ಹಾಗೆ ಎಂದು ಒಂದನೆಯ ಶತಮಾನದಲ್ಲಿ ರೋಮಿನ ಲೇಖಕ ಪ್ಲೀನಿ ಬರೆದಿದ್ದಾನೆ. ಹದಿನೆಂಟನೆಯ ಶತಮಾನದಲ್ಲಿ ಲಿವೊರ್ನೋದ ಯೆಹೂದಿ ವ್ಯಾಪಾರಿಗಳು ಗೋವೆಗೆ ಹವಳ ಕಳಿಸಿ ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವೆಗೆ ಬಂದದ್ದು ಘಟ್ಟ ಹತ್ತಿ ಶಿರಸಿಗೆ ಬರುವುದು ಎಷ್ಟು ದೂರ!

ಅದನ್ನು ಸಮುದ್ರದಿಂದ ತೆಗೆದವರ ಊರೊಂದಕ್ಕೆ ನಾನು ಹೋಗಿದ್ದೇನೆ. ಹೆಸರು ಚೆರ್ವೋ, ಪಡುವಣ ತೀರದಲ್ಲಿದೆ. 2016ರ ಡಿಸೆಂಬರಿನಲ್ಲಿ ಅಲ್ಲಿಯ ರೈಲುಮಾರ್ಗವನ್ನು ಬೆಟ್ಟದೊಳಕ್ಕೆ ಸರಿಸಿದ ಮೇಲೆ ಊರಿನ ನಿಲ್ದಾಣ ಮುಚ್ಚಿತು. ಈಗ ಆಂದೋರಾ ಅಥವಾ ದಿಯಾನೋದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬಸ್ಸಿನಿಂದಲೇ ಕಾಣುತ್ತದೆ: ಗುಡ್ಡದ ಮೇಲೆ ಒತ್ತಾಗಿ ಕೂತ ಮನೆಗಳು, ಅವುಗಳ ನಡುವಿನಿಂದ ಸಮುದ್ರಕ್ಕೆ ಮುಖಮಾಡಿ ನಿಂತ ಒಂದು ದೊಡ್ಡ ಚರ್ಚು. ಊರಿನ ಗಾತ್ರಕ್ಕೂ ಚರ್ಚಿನ ಗಾತ್ರಕ್ಕೂ ಹೊಂದಿಕೆಯೇ ಇಲ್ಲ. ಸಂತ ಜೊವಾನ್ನಿಯ ಈ ಚರ್ಚನ್ನು ಊರವರು ‘ಕೊರಲ್ಲೀನಿ’, ಅಂದರೆ ಹವಳದವರ ಚರ್ಚು ಎನ್ನುತ್ತಾರೆ. 1686ರಲ್ಲಿ ಕಟ್ಟಲು ತೊಡಗಿದ್ದು. ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ಕಡಲುಗಳಿಗೆ ದೋಣಿಯಲ್ಲಿ ಹೋಗಿ ಹವಳ ಎತ್ತಿ ತಂದವರು ತಮ್ಮ ಗಳಿಕೆಯಲ್ಲಿ ಕೊಟ್ಟ ಪಾಲಿನಿಂದ ಎದ್ದದ್ದು.

ಅವರು ಹವಳ ತೆಗೆಯುತ್ತಿದ್ದ ಬಗೆ ಕ್ರೂರವಾದದ್ದು. ಮರದ ದೊಡ್ಡ ಶಿಲುಬೆಗೆ ಬಲೆಯ ಚೂರುಗಳನ್ನು ಕಟ್ಟಿ ಸಮುದ್ರದ ತಳದಲ್ಲಿ ಎಳೆಯುತ್ತಿದ್ದರು. ಹವಳ ಮುರಿದು ಬಲೆಗೆ ಸಿಕ್ಕಿಕೊಳ್ಳುತ್ತಿತ್ತು. ಸಿಗದೆ ಹಾಳಾದದ್ದಕ್ಕೆ ಲೆಕ್ಕವಿಲ್ಲ. ಯುರೋಪಿನ ಒಕ್ಕೂಟ 1994ರಲ್ಲಿ ಇದನ್ನು ನಿಷೇಧಿಸಿತು. ಕೆಂಪು ಹವಳದ ಕೊಂಬೆ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ನಿಮ್ಮ ಅಜ್ಜಿಯ ಸರದ ಒಂದು ಮಣಿ ಬೆಳೆಯಲು ಎಷ್ಟು ದಶಕ ಹಿಡಿದಿರಬೇಕೆಂದು ಕೂತು ಲೆಕ್ಕ ಹಾಕಿ. ಆ ಸರವನ್ನು ಕರಗಿಸಲು, ಬದಲಾಯಿಸಲು ಕೊಡಬೇಡಿ. ಹೊಸ ಹವಳವನ್ನೂ ಕೊಳ್ಳಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಚೆರ್ವೋಗೆ ಜುಲೈ, ಆಗಸ್ಟಿನಲ್ಲಿ ಹೋಗುವವರಿಗೆ ಇನ್ನೊಂದು ಭಾಗ್ಯವಿದೆ. ಹಂಗೇರಿಯ ಪಿಟೀಲು ವಾದಕ ಶಾಂದೋರ್ ವೇಗ್ 1964ರಲ್ಲಿ ಆರಂಭಿಸಿದ ಸಂಗೀತೋತ್ಸವ ಆ ಚರ್ಚಿನ ಮುಂದಿನ ಅಂಗಳದಲ್ಲೇ ನಡೆಯುತ್ತದೆ. ಚರ್ಚಿನ ಒಳಬಾಗಿದ ಮುಂಗೋಡೆ ನಾದವನ್ನು ಹಿಡಿದು ನಮ್ಮ ಕಡೆಗೆ ಕಳಿಸುತ್ತದೆ. ಒಂದು ರಾತ್ರಿ ಅಲ್ಲಿ ಕೂತು ಕೇಳಿದೆ. ಪಾಶ್ಚಾತ್ಯ ಸಂಗೀತ ನನಗೆ ತಿಳಿಯದು, ಆದರೆ ಎರಡು ಸ್ವರಗಳ ನಡುವೆ ಕೆಳಗಿನಿಂದ ಅಲೆಯ ಸದ್ದು ಬಂದಾಗ ಇಡೀ ಅಂಗಳ ಉಸಿರು ಬಿಗಿಹಿಡಿದದ್ದು ತಿಳಿಯಿತು.

ಮಂಡಿನೋವು. ಮೆಟ್ಟಿಲು ಹತ್ತಲಾರೆ. ನನಗೆ ಯಾವ ಊರು?
— ಹಿರಿಯ ಓದುಗರು, ಮೈಸೂರು

ನೋಲಿ ಮತ್ತು ವರಿಗೊತ್ತಿ. ಎರಡೂ ಪಡುವಣ ತೀರದಲ್ಲಿ, ಸಮುದ್ರದ ಮಟ್ಟದಲ್ಲೇ ಇವೆ. ನೋಲಿ 1192ರಿಂದ 1797ರವರೆಗೆ ತನ್ನದೇ ಗಣರಾಜ್ಯವಾಗಿತ್ತು ಎಂದರೆ ನಂಬುವುದು ಕಷ್ಟ. ಹತ್ತು ನಿಮಿಷದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಕಡಿದಾದ ಇಳಿಜಾರಿಗೆ ಉದಾಹರಣೆ ಬೇಕಾದಾಗ ಇಟಲಿಯ ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ನೋಲಿಗೆ ಇಳಿಯುವ ದಾರಿಯನ್ನು ನೆನೆದಿದ್ದ. ಈಗ ಸ್ಪೊತೊರ್ನೋ–ನೋಲಿ ನಿಲ್ದಾಣದಿಂದ ಬಸ್ಸಿದೆ. ಊರೊಳಗಿನ ಓಣಿಗಳು ಸಮತಟ್ಟು. ನಾನು ಮೇಲೆ ಬರೆದ ಹಳೆಯ ರೈಲು ಸುರಂಗದ ದಾರಿಯೂ ನಿಮಗೆ ಹೇಳಿ ಮಾಡಿಸಿದ್ದು.

ನಮ್ಮ ಊರೂ ಕಡಲಂಚಿನದೇ. ಮನೆಗಳೆಲ್ಲ ಹೋಂಸ್ಟೇ ಆಗುತ್ತಿವೆ. ಅಲ್ಲಿಯವರು ಪ್ರವಾಸಿಗರನ್ನು ಹೇಗೆ ನಿಭಾಯಿಸಿದರು?
— ಯುವಕ, ಹೊನ್ನಾವರ ತಾಲ್ಲೂಕು

ಎಲ್ಲ ಕಡೆ ಚೆನ್ನಾಗಿ ನಿಭಾಯಿಸಿಲ್ಲ ಮಗನೇ. ಅಲ್ಲಿಯ ಬೆಟ್ಟಗಳನ್ನು ಕೃಷಿಗೆ ತಂದದ್ದು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು. ಗೋಡೆಯ ಹಿಂದೆ ಒಂದು ಪಟ್ಟಿ ಮಣ್ಣು, ಅದರಲ್ಲಿ ದ್ರಾಕ್ಷಿ, ಆಲಿವ್. ಕಲ್ಲಿನ ಸಂದುಗಳಿಂದ ಮಳೆನೀರು ಮೆಲ್ಲಗೆ ಇಳಿಯುತ್ತದೆ. ಪ್ರತಿ ಮಳೆಗಾಲದ ನಂತರ ಯಾರಾದರೂ ಬಿದ್ದ ಕಲ್ಲನ್ನು ಎತ್ತಿಡಬೇಕು. ಕೋಣೆ ಬಾಡಿಗೆ ಕೊಟ್ಟರೆ ಬರುವ ಹಣ ದ್ರಾಕ್ಷಿಯಿಂದ ಬಾರದು, ಮಕ್ಕಳು ಜಿನೋವಾ, ಮಿಲಾನ್ ಸೇರುತ್ತಾರೆ, ಗೋಡೆ ಕುಸಿಯುತ್ತದೆ. ಇಟಲಿಯಲ್ಲೇ ವೃದ್ಧರ ಪ್ರಮಾಣ ಅತಿ ಹೆಚ್ಚಿರುವ ಪ್ರಾಂತ್ಯ ಲಿಗೂರಿಯಾ. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆ ಸುರಿದ ಮಳೆಗೆ ವೆರ್ನಾತ್ಸಾ, ಮೊಂತೆರೊಸ್ಸೋಗಳ ಬೀದಿಗಳಲ್ಲಿ ಒಂದು ಅಂತಸ್ತಿನ ಎತ್ತರಕ್ಕೆ ಕೆಸರು ತುಂಬಿತು. ಅಷ್ಟು ಮಳೆಗೆ ಯಾವ ಬೆಟ್ಟವೂ ತಡೆಯದಿರಬಹುದು. ಆದರೆ ಪಾಳು ಬಿದ್ದ ಪಟ್ಟಿಗಳು ಹಾನಿಯನ್ನು ಹೆಚ್ಚಿಸಿದವು.

ಈ ಕಲ್ಲುಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಡುಗರು ಕಲಿಯಲು ಬರುವುದೂ ಉಂಟು. ಫ್ರಾಮೂರಾದ ಮೇಲಿನ ಒಂದು ಕೇರಿಯಲ್ಲಿ ನನ್ನ ವಯಸ್ಸಿನವರೊಬ್ಬರು ಇಬ್ಬರು ಯುವಕರಿಗೆ ಕಲ್ಲಿನ ಮುಖ ನೋಡುವುದನ್ನು ತೋರಿಸುತ್ತಿದ್ದರು. ಕಲ್ಲನ್ನು ಕೈಯಲ್ಲಿ ತಿರುಗಿಸಿ, ಯಾವ ಬದಿ ಹೊರಗೆ ಬರಬೇಕೆಂದು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ನಿಮ್ಮ ಊರಲ್ಲಿ ಹೋಂಸ್ಟೇ ಬರಲಿ, ತಪ್ಪಲ್ಲ. ಆದರೆ ಗದ್ದೆಯ ಬದು ಕಟ್ಟುವವರು, ದೋಣಿ ರಿಪೇರಿ ಮಾಡುವವರು ಈಗ ಎಷ್ಟು ಮಂದಿ ಇದ್ದಾರೆಂದು ಎಣಿಸಿ ನನಗೆ ಬರೆಯಿರಿ. ನಿಜವಾಗಿ ಕಾಯುತ್ತೇನೆ.

ಮೂರೇ ದಿನ ಸಿಕ್ಕರೆ ಎಲ್ಲೆಲ್ಲಿಗೆ ಹೋಗಬೇಕು?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಮೂರು ದಿನವೂ ಒಂದೇ ಊರಿನಲ್ಲಿರಿ. ಕಾಮೋಲ್ಯಿ. ಬರೆಯುವಾಗ ‘ಗ’ ಇದ್ದರೂ ಉಚ್ಚರಿಸುವಾಗ ಇಲ್ಲ. ಜಿನೋವಾದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಆಗಸ್ಟಿನಲ್ಲಿ ಬೇಡ, ಮೇ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಬಂದರಿನ ಎತ್ತರದ ಮನೆಗಳ ಗೋಡೆ ನೋಡಿ. ಕೆಲವು ಕಿಟಕಿಗಳು ಕಿಟಕಿಗಳೇ ಅಲ್ಲ, ಬಣ್ಣದಲ್ಲಿ ಬರೆದವು. ಎರಡನೆಯ ದಿನ ದೋಣಿಯಲ್ಲಿ ಸಾನ್ ಫ್ರುತ್ತುವೋಸೋಗೆ ಹೋಗಿ. ರಸ್ತೆಯೇ ಇಲ್ಲದ ಕೊಲ್ಲಿಯಲ್ಲಿ ನಿಂತ ಹಳೆಯ ಮಠವದು. ಅಲ್ಲಿಯ ನೀರಿನಡಿ 17 ಮೀಟರ್ ಆಳದಲ್ಲಿ 1954ರಲ್ಲಿ ಇಳಿಸಿದ ಕ್ರಿಸ್ತನ ಕಂಚಿನ ಮೂರ್ತಿ ಎರಡೂ ಕೈ ಮೇಲೆತ್ತಿ ನಿಂತಿದೆ.

ಮೂರನೆಯ ದಿನ ಏನೂ ಇಟ್ಟುಕೊಳ್ಳಬೇಡಿ. ಪುಂತಾ ಕ್ಯಾಪ್ಪಾ ಎಂಬ ಮೂಲೆಯ ಹತ್ತಿರ ಬೇಸಿಗೆಯುದ್ದಕ್ಕೂ ಕಡಲಲ್ಲಿ ಒಂದು ದೊಡ್ಡ ಬಲೆ ನಿಂತಿರುತ್ತದೆ, ‘ತೊನ್ನರೆಲ್ಲಾ’ ಎನ್ನುತ್ತಾರೆ. ನಮ್ಮ ರಂಪಣಿಯಂತೆ ಹಲವರು ಸೇರಿ ಕೈಯಲ್ಲೇ ಎಳೆಯುತ್ತಾರೆ. ಅದನ್ನು ವರ್ಷವರ್ಷವೂ ಹೊಸದಾಗಿ ಹೆಣೆಯುವುದು ತೆಂಗಿನ ನಾರಿನ ಹುರಿಯಿಂದ. ತೆಂಗಿನ ಮರವೇ ಬೆಳೆಯದ ತೀರದಲ್ಲಿ ಆ ಹುರಿಯನ್ನು ಮೊದಲ ಬಾರಿ ಬೆರಳಲ್ಲಿ ಹಿಡಿದಾಗ ನನಗೆ ಮನೆಯ ಹಿತ್ತಿಲಿನ ವಾಸನೆ ಬಂತು. ಬೆಳಿಗ್ಗೆ ಬೇಗ ಎದ್ದು ಬಂದರಿನ ಕಲ್ಲುಕಟ್ಟೆಯ ಮೇಲೆ ಕೂತಿರಿ. ದೋಣಿ ಬಂದಾಗ ‘ಬ್ವೊನ್‌ಜೋರ್ನೋ’ ಎಂದು ನೀವೇ ಮೊದಲು ಹೇಳಿ. ಅಲ್ಲಿ ಹಾಗೆ ಹೇಳದೆ ಯಾರೂ ಮಾತು ತೊಡಗುವುದಿಲ್ಲ.